ಮುಖಪುಟಕ್ಕೆ ಯಾವ ಫೋಟೊ? ಕಾಲೇಜು ಫ್ಯಾಷನ್ ಪತ್ರಿಕೆ ಮಾಡುವವರಿಗೆ ಒಂದು ಹೋಲಿಕೆ

ಶೂಟ್ ಮುಗಿದ ಸಂಜೆ ನೂರಾರು ಫ್ರೇಮ್‌ಗಳು ಲ್ಯಾಪ್‌ಟಾಪಿಗೆ ಇಳಿದಿರುತ್ತವೆ. ಚೆಂದದವು ಹತ್ತಾದರೂ ಇರುತ್ತವೆ, ಮುಖಪುಟಕ್ಕೆ ಆಗಿಬರುವುದು ಒಂದೋ ಎರಡೋ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಆ ಹತ್ತನ್ನೂ ವಾಟ್ಸಾಪ್ ಗ್ರೂಪಿಗೆ ಹಾಕಿ ವೋಟ್ ಕೇಳುತ್ತಾರೆ. ಹೆಚ್ಚು ಹಾರ್ಟ್ ಬಿದ್ದದ್ದು ಡಿಸೈನರ್ ಕೈಗೆ ಹೋಗುತ್ತದೆ. ಪತ್ರಿಕೆಯ ಹೆಸರನ್ನು ಎಲ್ಲಿ ಕೂರಿಸುವುದು ಎಂದು ತಲೆ ಕೆಡಿಸಿಕೊಳ್ಳುವುದು ಆಮೇಲೆ. ಈ ಕ್ರಮವೇ ಉಲ್ಟಾ. ಹೆಸರನ್ನು ಮೊದಲು ಪುಟದ ಮೇಲಿಟ್ಟು, ಅದರ ಕೆಳಗೆ ಒಂದೊಂದೇ ಫೋಟೊ ತಂದು ನೋಡಬೇಕು. ಬಿಡಿಯಾಗಿ ಗೆದ್ದ ಫೋಟೊ ಅಲ್ಲಿ ಸೋಲುತ್ತದೆ, ಗ್ರೂಪಿನಲ್ಲಿ ಯಾರೂ ಕಣ್ಣೆತ್ತಿ ನೋಡದಿದ್ದದ್ದು ಗೆದ್ದುಬಿಡುತ್ತದೆ. ಇನ್ನೊಂದು ಮಾತು: ಗ್ರೂಪಿನಲ್ಲಿ ಬೀಳುವ ವೋಟು ಬಹುಪಾಲು ಫೋಟೊಗಲ್ಲ, ಅದರಲ್ಲಿರುವ ಗೆಳತಿಗೆ.

ಗಾಳಿಯಲ್ಲಿ ಹೋಲಿಸಿ ಪ್ರಯೋಜನವಿಲ್ಲ, ಒಂದು ಸಂಚಿಕೆಯನ್ನೇ ಮುಂದಿಟ್ಟುಕೊಳ್ಳೋಣ. ಎ4 ಅಳತೆಯ ವಾರ್ಷಿಕ ಸಂಚಿಕೆ, ಹೆಸರು ‘ವಸ್ತ್ರ’ ಎಂದಿಟ್ಟುಕೊಳ್ಳಿ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಹಳೆಯ ಇಳಕಲ್ ಸೀರೆಯಿಂದ ಹೊಲಿದ ಜಾಕೆಟ್ಟು ಈ ಸಲದ ಮುಖ್ಯ ಉಡುಪು. ಒಡಲು ಸಣ್ಣ ಚೌಕಡಿಯ ನೀಲಿ ಹತ್ತಿ. ಸೆರಗಿನ ಕೆಂಪು ರೇಷ್ಮೆ ಕಾಲರಿಗೆ ಮತ್ತು ತೋಳಿನ ತುದಿಗೆ ಬಂದಿದೆ, ಅದರ ಬಿಳಿಯ ತೋಪು ತೆನೆ (ಶಿಖರದಂಥ ನೇಯ್ಗೆಯ ಸಾಲು) ಸರಿಯಾಗಿ ಮಣಿಕಟ್ಟಿನ ಪಟ್ಟಿಯ ಮೇಲೆ ಕೂತಿದೆ. ಮೇಜಿನ ಮೇಲೆ ಮೂರು ಫೋಟೊಗಳಿವೆ. ಮೊದಲನೆಯದು ಸ್ಟುಡಿಯೊದಲ್ಲಿ ಬೂದು ಹಿನ್ನೆಲೆಯಲ್ಲಿ ತೆಗೆದ ಕ್ಲೋಸಪ್, ಮುಖ ಮತ್ತು ಕಾಲರ್ ಮಾತ್ರ. ಎರಡನೆಯದು ಮಲ್ಲೇಶ್ವರದ ಹಳೇ ಮನೆಯೊಂದರ ಸುಣ್ಣದ ಗೋಡೆಗೆ ಒರಗಿ, ಕೈ ಕಟ್ಟಿ ನಿಂತದ್ದು, ತಲೆಯಿಂದ ಸೊಂಟದ ಕೆಳಗಿನವರೆಗೆ. ಮೂರನೆಯದು ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ನಡೆದು ಬರುತ್ತಿರುವ ಪೂರ್ತಿ ನಿಲುವು, ಅಡ್ಡಡ್ಡ ತೆಗೆದದ್ದು.

ಕ್ಲೋಸಪ್, ಅರ್ಧ, ಪೂರ್ತಿ

ಕ್ಲೋಸಪ್ಪಿಗೆ ಇರುವ ಬಲ ಕಣ್ಣು. ಹತ್ತಡಿ ದೂರದಿಂದಲೂ ಅದು ನೋಡುವವರನ್ನು ನಿಲ್ಲಿಸುತ್ತದೆ. ಆದರೆ ಫ್ಯಾಷನ್ ಪತ್ರಿಕೆಯ ಮುಖಪುಟದಲ್ಲಿ ಬಟ್ಟೆಯೇ ಇಲ್ಲದಿದ್ದರೆ ಹೇಗೆ? ನಮ್ಮ ಉದಾಹರಣೆಯಲ್ಲಿ ಕಾಲರಿನ ಕೆಂಪು ಒಂದಿಷ್ಟು ಕಾಣುತ್ತದೆ, ಅದು ಇಳಕಲ್ಲೋ ಮೊಳಕಾಲ್ಮೂರೋ ಯಾರಿಗೂ ತಿಳಿಯುವುದಿಲ್ಲ. ಸಂಚಿಕೆ ಆಭರಣ, ಮೇಕಪ್, ಕೇಶಾಲಂಕಾರದ ಮೇಲಿದ್ದರೆ ಕ್ಲೋಸಪ್ ಸರಿ. ಬಟ್ಟೆಯ ಮೇಲಿದ್ದರೆ ಅದು ಒಳಪುಟದ ಚಿತ್ರ. ದೊಡ್ಡ ಪತ್ರಿಕೆಗಳು ಮುಖವನ್ನೇ ಹಾಕುವುದು ಅದು ಊರಿಗೆಲ್ಲ ಗೊತ್ತಿರುವ ಮುಖ ಎನ್ನುವ ಕಾರಣಕ್ಕೆ. ನಿಮ್ಮ ಕಾಲೇಜಿನ ಹುಡುಗಿಯ ಮುಖ ತುಂಬಿಸಿದರೆ, ಹೊಲಿದವಳ ಕೆಲಸ ಹಿಂದೆ ಸರಿದು ‘ಇವಳನ್ನೇ ಯಾಕೆ ಹಾಕಿದರು’ ಎಂಬ ಚರ್ಚೆ ಮುಂದೆ ಬರುತ್ತದೆ.

ಪೂರ್ತಿ ನಿಲುವಿನಲ್ಲಿ ಉಡುಪು ಇಡಿಯಾಗಿ ಸಿಗುತ್ತದೆ ಅನ್ನುವುದು ನಿಜ, ಆದರೆ ಎಷ್ಟು ದೊಡ್ಡದಾಗಿ ಅನ್ನುವುದನ್ನು ಲೆಕ್ಕ ಹಾಕಿ. ಎ4 ಪುಟದ ಎತ್ತರ 297 ಮಿಮೀ. ಮೇಲೆ ಹೆಸರಿಗೆ 67 ಮಿಮೀ, ಪಾದದ ಕೆಳಗೆ 15 ಮಿಮೀ ಬಿಟ್ಟರೆ ಆಳಿಗೆ ಉಳಿಯುವುದು 215 ಮಿಮೀ. 165 ಸೆಂಮೀ ಎತ್ತರದ ಹುಡುಗಿ ಅಷ್ಟರಲ್ಲಿ ನಿಂತರೆ ಎಲ್ಲವೂ ಸುಮಾರು ಎಂಟರಲ್ಲಿ ಒಂದರಷ್ಟಾಗುತ್ತದೆ: ಮಣಿಕಟ್ಟಿನ 5 ಸೆಂಮೀ ಪಟ್ಟಿ ಪುಟದ ಮೇಲೆ ಬರೀ ಆರೂವರೆ ಮಿಮೀ. ಅದರೊಳಗಿನ ತೋಪು ತೆನೆಯ ಶಿಖರಗಳು ಬಿಳಿ ಚುಕ್ಕೆಯ ಸಾಲಾಗಿ ಕಾಣುತ್ತವೆ, ಅಷ್ಟೇ. ಅದೇ, ತಲೆಯಿಂದ ಸೊಂಟದ ಕೆಳಗಿನವರೆಗಿನ ಸುಮಾರು 85 ಸೆಂಮೀ ಭಾಗವನ್ನು ಪುಟದ ಕೆಳ ಅಂಚಿಗೆ ತಾಗುವಂತೆ 230 ಮಿಮೀಗೆ ಹಿಗ್ಗಿಸಿದರೆ ಆ ಪಟ್ಟಿ ಹದಿಮೂರೂವರೆ ಮಿಮೀ ಆಗುತ್ತದೆ. ಬಿಳಿ ನೂಲು ಕೆಂಪಿನೊಳಗೆ ಹಲ್ಲು ಹಲ್ಲಾಗಿ ಏರಿಳಿದದ್ದು ಕೈಯಳತೆಯಿಂದ ಸ್ಪಷ್ಟ ಕಾಣುತ್ತದೆ. ಈ ಜಾಕೆಟ್ಟಿನ ಮಟ್ಟಿಗೆ ತೀರ್ಮಾನ ಇಲ್ಲಿಗೇ ಮುಗಿಯಿತು ಎನ್ನಬಹುದು.

ಹಾಗಂತ ಪೂರ್ತಿ ನಿಲುವು ಯಾವಾಗಲೂ ಕೆಳಗಲ್ಲ. ಕೇಳಬೇಕಾದದ್ದು ಒಂದೇ: ಹೊಲಿದವರ ಕೆಲಸ ಆಕಾರದಲ್ಲಿದೆಯೋ, ಬಟ್ಟೆಯ ಮೈಮೇಲಿದೆಯೋ? ಪರೀಕ್ಷೆ ಸುಲಭ. ಆಕೃತಿಯನ್ನು ಕತ್ತರಿಸಿ ಪೂರ್ತಿ ಕಪ್ಪು ತುಂಬಿ. ಬರೀ ನೆರಳಿನಲ್ಲೇ ಉಡುಪು ಗುರುತು ಸಿಕ್ಕರೆ, ಅಂದರೆ ಘೇರು, ನೆರಿಗೆ, ಉಬ್ಬಿದ ತೋಳು, ನೆಲಕ್ಕಿಳಿದ ಅಂಚು ಎದ್ದು ಕಂಡರೆ, ಪೂರ್ತಿ ನಿಲುವೇ ಬೇಕು. ಕಸೂತಿ, ನೇಯ್ಗೆ, ಪ್ರಿಂಟು, ಪ್ಯಾಚ್‌ವರ್ಕ್ ಇದ್ದರೆ ಅರ್ಧ. ಕಸೂತಿಯ ಗೋಪುರ, ತೇರುಗಳನ್ನು ಪೂರ್ತಿ ನಿಲುವಿನಲ್ಲಿ ತೋರಿಸಲು ಹೋಗುವುದು ವ್ಯರ್ಥ ಪ್ರಯಾಸ.

ಎಲ್ಲಿ ಕತ್ತರಿಸುವುದು ಅನ್ನುವುದರಲ್ಲಿ ತಪ್ಪು ಹೆಚ್ಚು. ಮಣಿಕಟ್ಟು, ಮೊಣಕೈ, ಮೊಣಕಾಲು, ಹರಡಿನ ಮೇಲೆ ಕತ್ತರಿ ಆಡಿಸಿದರೆ ಅಂಗ ಮುರಿದಂತೆ ಕಾಣುತ್ತದೆ. ತೊಡೆಯ ನಡುವೆ ಕತ್ತರಿಸಿದರೆ ಕಣ್ಣಿಗೆ ಚುಚ್ಚುವುದಿಲ್ಲ. ಜಾಕೆಟ್ಟು, ಕುರ್ತಾ ಆದರೆ ಅದರ ಕೆಳ ಅಂಚು ಮುಗಿದು ನಾಲ್ಕು ಬೆರಳು ಜಾಗ ಉಳಿಯಲಿ. ಇಲ್ಲದಿದ್ದರೆ ಅದು ಗಿಡ್ಡ ಜಾಕೆಟ್ಟೋ ಉದ್ದ ಕೋಟೋ ಗೊತ್ತಾಗುವುದಿಲ್ಲ.

ಮೊಬೈಲಿನಲ್ಲಿ ಎಂಟು ಅಡಿಗಿಂತ ಹತ್ತಿರದಿಂದ ತೆಗೆದ ಪೂರ್ತಿ ನಿಲುವನ್ನು ಅನುಮಾನದಿಂದಲೇ ನೋಡಿ. ಮುಖ್ಯ ಲೆನ್ಸು ಅಗಲದ್ದು. ಕ್ಯಾಮೆರಾ ಮುಖದ ಎತ್ತರದಲ್ಲಿದ್ದರೆ ತಲೆ ದೊಡ್ಡದು, ಕಾಲು ಗಿಡ್ಡ ಆಗಿರುತ್ತದೆ. ಸೊಂಟದ ಎತ್ತರದಲ್ಲಿ ಹಿಡಿದು, ಹಿಂದೆ ಸರಿದು, 2ಎಕ್ಸ್‌ನಲ್ಲಿ ತೆಗೆದದ್ದಿದ್ದರೆ ಅದನ್ನು ಆರಿಸಿ. ಪೋರ್ಟ್ರೇಟ್ ಮೋಡಿನ ಫೋಟೊಗಳಲ್ಲಿ ಜುಮುಕಿಯ ಸುತ್ತ, ಮುಡಿದ ಮಲ್ಲಿಗೆಯ ಸುತ್ತ, ಬಿಡಿಗೂದಲ ಸುತ್ತ ನೂರು ಪರ್ಸೆಂಟ್ ಝೂಮ್ ಮಾಡಿ. ಹೂವಿನ ಅರ್ಧ ಮಂಜಾಗಿ ಕರಗಿರುವುದು ಪ್ರಿಂಟಿನಲ್ಲಿ ಎದ್ದು ಕಾಣುತ್ತದೆ, ಸರಿಪಡಿಸುವುದೂ ಕಷ್ಟ.

ಬರೀ ಬಟ್ಟೆಯ ಮಡಿಕೆಯನ್ನೋ ಗುಂಡಿಯನ್ನೋ ಹತ್ತಿರದಿಂದ ತೆಗೆದ ಫೋಟೊ ಹಿಂಬದಿಯ ರಕ್ಷಾಪುಟಕ್ಕೆ ಒಪ್ಪುತ್ತದೆ. ಮುಂದೆ ಹಾಕಿದರೆ ಅಂಗಡಿಯ ಕ್ಯಾಟಲಾಗಿನ ಹಾಗೆ ಕಾಣುವ ಅಪಾಯವಿದೆ.

ಕನ್ನಡದ ಹೆಸರಿಗೆ ಎಷ್ಟು ಜಾಗ

ಹೊರಗಿನ ಟೆಂಪ್ಲೇಟುಗಳನ್ನು ಹಾಗೇ ತಂದುಕೊಂಡರೆ ಕೈಕೊಡುವುದು ಇಲ್ಲಿ. ರೋಮನ್ ದೊಡ್ಡಕ್ಷರಗಳ ಹೆಸರು ಒಂದೇ ಎತ್ತರದ ಪಟ್ಟಿಯಲ್ಲಿ ಕೂರುತ್ತದೆ. ನಮ್ಮಲ್ಲಿ ಗುಡಿಸು ಮೇಲೇರುತ್ತದೆ, ಒತ್ತು ಕೆಳಗಿಳಿಯುತ್ತದೆ. ‘ವಸ್ತ್ರ’ವನ್ನೇ ನೋಡಿ: ಮೇಲೆ 12 ಮಿಮೀ ಅಂಚು, ಅಕ್ಷರಕ್ಕೆ 35, ಸಕಾರದ ಅಡಿಯ ಎರಡು ಒತ್ತಿಗೆ ಇನ್ನೊಂದು 20, ಒಟ್ಟು 67. ‘ನೂಲು’ ಎಂಬ ಹೆಸರಾಗಿದ್ದರೆ 47ಕ್ಕೇ ಮುಗಿಯುತ್ತಿತ್ತು. ಫೋಟೊದಲ್ಲಿ ತಲೆಯ ಮೇಲೆ ಎಷ್ಟು ಖಾಲಿ ಜಾಗ ಬೇಕು ಎನ್ನುವುದನ್ನು ಹೆಸರಿನ ಅಕ್ಷರಗಳೇ ನಿರ್ಧರಿಸುತ್ತವೆ.

ತಲೆಯನ್ನು ಹೆಸರಿನ ಮುಂದೆ ತರುವುದು ಎಲ್ಲರಿಗೂ ಇಷ್ಟ, ಪುಟಕ್ಕೆ ಆಳ ಬರುತ್ತದೆ. ಆದರೆ ಯಾವ ಅಕ್ಷರದ ಯಾವ ಭಾಗ ಮುಚ್ಚುತ್ತದೆ ಎಂದು ನೋಡಿಕೊಳ್ಳಿ. ‘ವಸ್ತ್ರ’ದಲ್ಲಿ ತಲೆ ಬಲಕ್ಕಿದ್ದು ಒತ್ತೆರಡೂ ಕೂದಲ ಹಿಂದೆ ಹೋದರೆ ಓದುಗರಿಗೆ ಉಳಿಯುವುದು ‘ವಸ’. ಎರಡನೆಯ ಫೋಟೊದಲ್ಲಿ ಹುಡುಗಿ ಎಡಕ್ಕೆ ಒರಗಿರುವುದರಿಂದ ತಲೆ ‘ವ’ದ ಕೆಳಗೆ ಬರುತ್ತದೆ, ಬಲಗಡೆಯ ಖಾಲಿ ಗೋಡೆಯ ಮೇಲೆ ಒತ್ತುಗಳು ಆರಾಮಾಗಿ ಇಳಿಯುತ್ತವೆ. ತಲೆ ‘ವ’ದ ಕೆಳಭಾಗವನ್ನು ಒಂದಿಷ್ಟು ಮುಚ್ಚಿದರೂ ನಡೆಯುತ್ತದೆ; ಅಕ್ಷರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ಗುಂಗುರು ಕೂದಲಿನವರನ್ನು ಹೀಗೆ ಮುಂದೆ ತರುವಾಗ ಕೂದಲು ಕತ್ತರಿಸಿ ಎತ್ತುವ ಕೆಲಸ ಅರ್ಧ ದಿನ ತಿನ್ನುತ್ತದೆ. ಹಿನ್ನೆಲೆ ಸಮ ಬಣ್ಣದ್ದಾಗಿದ್ದರೆ ಮಾತ್ರ ಕೈ ಹಾಕಿ.

ಫೋಟೊಶಾಪಿನಲ್ಲಿ ಒತ್ತಕ್ಷರ ಒಡೆದು ಪಕ್ಕಪಕ್ಕ ಬಂದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ವರ್ಲ್ಡ್-ರೆಡಿ ಲೇಔಟ್ ಆಯ್ಕೆ ಇದ್ದರೆ ಅದನ್ನು ಆರಿಸಿ, ಯೂನಿಕೋಡ್ ಫಾಂಟನ್ನೇ ಬಳಸಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್. ಒಡೆದ ಒತ್ತನ್ನು ಮುಂದಿಟ್ಟುಕೊಂಡು ಫೋಟೊ ಹೋಲಿಸಿದರೆ ಜಾಗದ ಲೆಕ್ಕವೇ ತಪ್ಪುತ್ತದೆ.

ಹೆಸರಿನ ಹಿಂದೆ ಬರುವ ಭಾಗವನ್ನು ಒಮ್ಮೆ ಕಪ್ಪುಬಿಳುಪು ಮಾಡಿ ನೋಡಿ. ಅಕ್ಷರ ಕರಗಿಹೋದರೆ ಬಣ್ಣದಲ್ಲೂ ಓದಲು ಕಷ್ಟ. ಚರ್ಚ್ ಸ್ಟ್ರೀಟಿನ ಫೋಟೊಗೆ ಇರುವ ತೊಡಕು ಇದೇ: ತಲೆಯ ಮೇಲೆ ಅಂಗಡಿಗಳ ಬೋರ್ಡು, ಎಲೆ, ಬೆಳಕಿನ ತುಂಡುಗಳು. ನಿಮ್ಮ ಹೆಸರು ಅಲ್ಲಿ ಮತ್ತೊಂದು ಬೋರ್ಡು ಆಗುತ್ತದೆ. ಚಿಕ್ಕಪೇಟೆ, ಅವೆನ್ಯೂ ರಸ್ತೆ, ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲು, ಎಲ್ಲಕ್ಕೂ ಇದೇ ಮಾತು. ಬೀದಿಯ ಚಿತ್ರಕ್ಕೆ ಉಸಿರು ಕೊಡುವ ಗಿಜಿಗಿಜಿಯೇ ಮುಖಪುಟದಲ್ಲಿ ಅಕ್ಷರದ ಜೊತೆ ಜಗಳಕ್ಕೆ ನಿಲ್ಲುತ್ತದೆ.

ಪಿಕ್ಸೆಲ್ ಲೆಕ್ಕ

ಎ4ಗೆ ನಾಲ್ಕೂ ಕಡೆ 3 ಮಿಮೀ ಬ್ಲೀಡ್ (ಆಮೇಲೆ ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು) ಸೇರಿಸಿದರೆ 216×303 ಮಿಮೀ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಇದಕ್ಕೆ ಬೇಕಾದದ್ದು 2551×3579 ಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಅಡ್ಡ ಫೋಟೊ 6000×4000. ಅದರಿಂದ ಎ4 ಆಕಾರದ ಉದ್ದ ತುಂಡು ತೆಗೆದರೆ ಸುಮಾರು 2828×4000 ಸಿಗುತ್ತದೆ, ಸಾಕಾಗಿ ಉಳಿಯುತ್ತದೆ. ಅಡ್ಡ ಫೋಟೊ ಮುಖಪುಟಕ್ಕೆ ಆಗುವುದೇ ಇಲ್ಲ ಎನ್ನುವುದು ಸುಳ್ಳು. ಆದರೆ ಆ ಫೋಟೊದಲ್ಲಿ ಆಳು ಚಿಕ್ಕದಾಗಿದ್ದು, ಎತ್ತರದ ಅರ್ಧಭಾಗವನ್ನೇ ಪುಟಕ್ಕೆ ಹಿಗ್ಗಿಸಬೇಕಾದರೆ 170 ಡಿಪಿಐ ಆಸುಪಾಸಿಗೆ ಬೀಳುತ್ತೀರಿ. 250ರವರೆಗೆ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. 200ಕ್ಕಿಂತ ಕೆಳಗೆ ಕಣ್ಣಿನ ರೆಪ್ಪೆ ಮತ್ತು ನೇಯ್ಗೆ ಮೆತ್ತಗಾಗುತ್ತವೆ. 12 ಮೆಗಾಪಿಕ್ಸೆಲ್ ಮೊಬೈಲಿನ 3024×4032 ಫೋಟೊ ಕೂಡ ಎ4ಗೆ ಸಾಲುತ್ತದೆ, ಮತ್ತೆ ಕತ್ತರಿಸದಿದ್ದರೆ ಮಾತ್ರ.

ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗಿ ಬರುತ್ತದೆ, ಮೊಬೈಲ್ ಪರದೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಲಿ, ಇಲ್ಲ ಡ್ರೈವ್ ಲಿಂಕ್ ಕೊಡಲಿ. ಪೆನ್‌ಡ್ರೈವ್ ಆದರೂ ಸರಿ.

ಮೇಲ್ಗಡೆ ಜಾಗ ಸಾಲದೆ ಹಿನ್ನೆಲೆ ಹಿಗ್ಗಿಸಬೇಕಾದರೆ ಸುಣ್ಣದ ಗೋಡೆ, ಮೋಡದ ಆಕಾಶ, ಸ್ಟುಡಿಯೊ ಪೇಪರ್ ಸುಲಭವಾಗಿ ಬೆಳೆಯುತ್ತವೆ. ಮರ, ಕಿಟಕಿ ಸರಳು, ಕಲ್ಲುಹಾಸು ಬೆಳೆಸಲು ಹೋದರೆ ಸೊಟ್ಟಗಾಗುತ್ತವೆ.

ಕೆಂಪು ರೇಷ್ಮೆ, ನೀಲಿ ಹತ್ತಿ, ಮತ್ತೆ ಚೌಕಡಿ

ಪರದೆಯ ಮೇಲೆ ಸಮವಾಗಿ ಕಂಡ ಎರಡು ಫೋಟೊಗಳು ಕಾಗದದ ಮೇಲೆ ಬೇರೆಯಾಗುತ್ತವೆ. ಬಿಸಿಲಿನಲ್ಲಿ ತೆಗೆದ ದಾಳಿಂಬೆ ಕೆಂಪಿನಲ್ಲಿ ಕ್ಯಾಮೆರಾದ ಕೆಂಪು ಚಾನೆಲ್ ಮೊದಲು ತುಂಬಿ ಚೆಲ್ಲುತ್ತದೆ. ಒಟ್ಟು ಹಿಸ್ಟೊಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ಸರಿಯಿದ್ದಂತೆ ಕಂಡರೂ ಬಟ್ಟೆಯ ಮಡಿಕೆ ಮಾಯವಾಗಿ ಬರೀ ಕೆಂಪು ತೇಪೆ ಉಳಿದಿರುತ್ತದೆ. ಕೆಂಪು ಚಾನೆಲ್ಲನ್ನು ಪ್ರತ್ಯೇಕವಾಗಿ ತೆರೆದು ನೋಡಿ; ಸೆರಗಿನ ಭಾಗ ಅಚ್ಚ ಬಿಳಿಯಾಗಿದ್ದರೆ ಆ ಫ್ರೇಮ್ ಬಿಡಿ, ಸ್ವಲ್ಪ ಕಪ್ಪಾಗಿ ಬಂದ ಪಕ್ಕದ ಫ್ರೇಮ್ ಹಿಡಿಯಿರಿ. ಕಪ್ಪನ್ನು ಎತ್ತಬಹುದು, ಚೆಲ್ಲಿದ್ದನ್ನು ತುಂಬಲಾಗುವುದಿಲ್ಲ. ಜರಿಯ ಹೊಳಪಿಗೂ ಇದೇ ನಿಯಮ.

ನೀಲಿ ಇನ್ನೊಂದು ತಲೆನೋವು. ಆರ್‌ಜಿಬಿಯಿಂದ ಸಿಎಂವೈಕೆಗೆ (ಪರದೆಯ ಬಣ್ಣಪದ್ಧತಿಯಿಂದ ಮುದ್ರಣದ ನಾಲ್ಕು ಶಾಯಿಗೆ) ಹೋದಾಗ ಅದು ನೇರಳೆಯತ್ತ ವಾಲುತ್ತದೆ. ಮಜೆಂಟಾ ಅಂಶ ಸಯಾನ್‌ಗಿಂತ ಸುಮಾರು 30 ಅಂಕ ಕಡಿಮೆ ಇರುವಂತೆ ಇಳಿಸಿದರೆ ನೀಲಿ ನೀಲಿಯಾಗೇ ಉಳಿಯುತ್ತದೆ. ಫ್ಲೋರೊಸೆಂಟ್ ಗುಲಾಬಿ, ಗಿಣಿಹಸಿರು ಉಡುಪುಗಳ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ. ನಾಲ್ಕು ಬಣ್ಣದ ಪ್ರಿಂಟಿನಲ್ಲಿ ಅವು ಹುಟ್ಟುವುದೇ ಇಲ್ಲ. ಅಂಥ ಉಡುಪಿನ ಫೋಟೊ ಇನ್‌ಸ್ಟಾಗ್ರಾಮಿಗೆ ಇರಲಿ, ಮುಖಪುಟಕ್ಕೆ ಬೇರೆಯದು ಹುಡುಕಿ. ಬಣ್ಣ ತಿದ್ದುವಾಗ ಜಾಕೆಟ್ಟನ್ನೇ ತರಿಸಿ ಕಿಟಕಿಯ ಪಕ್ಕದಲ್ಲಿಟ್ಟುಕೊಳ್ಳಿ. ನೆನಪಿನಿಂದ ತಿದ್ದಿದ ನೀಲಿಗೆ ನಂಬಿಕೆಯಿಲ್ಲ.

ಸಣ್ಣ ಚೌಕಡಿ, ಸಣ್ಣ ಗೆರೆಯ ಬಟ್ಟೆಯಲ್ಲಿ ಕಾಮನಬಿಲ್ಲಿನಂಥ ಅಲೆಗಳು ಬರುವುದನ್ನು ಮ್ವಾರೆ ಎನ್ನುತ್ತಾರೆ. ಕ್ಯಾಮೆರಾದ ಸೆನ್ಸರಿನ ಜಾಲ ಮತ್ತು ನೇಯ್ಗೆಯ ಜಾಲ ಒಂದರ ಮೇಲೊಂದು ಬಿದ್ದಾಗ ಇದು ಹುಟ್ಟುತ್ತದೆ. ಚಿಕ್ಕದು ಮಾಡಿ ನೋಡಿದರೆ ಪರದೆಯೇ ಸುಳ್ಳು ಅಲೆ ತೋರಿಸಬಹುದು, ಆದ್ದರಿಂದ ನೂರು ಪರ್ಸೆಂಟಿನಲ್ಲಿ ನೋಡಿಯೇ ತೀರ್ಮಾನಿಸಿ. ಬಣ್ಣದ ಅಲೆಯನ್ನು ರಾ ಫೈಲಿನಲ್ಲಿ (ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲು) ಬ್ರಷ್ ಹಿಡಿದು ತೆಗೆಯಬಹುದು. ಕಪ್ಪುಬಿಳಿ ಅಲೆ ಬಹುಮಟ್ಟಿಗೆ ಹೋಗುವುದಿಲ್ಲ. ಒಂದೇ ಭಂಗಿಯ ಎರಡು ಫ್ರೇಮ್‌ಗಳಲ್ಲಿ ಒಂದು ಹೆಜ್ಜೆ ಹಿಂದಿನಿಂದ ತೆಗೆದದ್ದರಲ್ಲಿ ಅದು ಇಲ್ಲದಿರಬಹುದು, ಹುಡುಕಿ. ಇದರ ಮೇಲೆ ಪ್ರಿಂಟಿನ ಚುಕ್ಕೆಗಳ ಸಾಲು ನೇಯ್ಗೆಯ ಜೊತೆ ಸೇರಿ ಹೊಸ ಅಲೆ ತರುವುದೂ ಉಂಟು. ಅದು ಪರದೆಯಲ್ಲಿ ಕಾಣುವುದೇ ಇಲ್ಲ, ಪ್ರಿಂಟ್ ತೆಗೆದರೇ ಗೊತ್ತು. ಆಗ ಫೋಟೊದ ಅಳತೆಯನ್ನು ಸ್ವಲ್ಪ ಹಿಗ್ಗಿಸಿಯೋ ಕುಗ್ಗಿಸಿಯೋ ಮತ್ತೆ ತೆಗೆಸಿ.

ಮೈಬಣ್ಣದ ವಿಷಯದಲ್ಲಿ ನಮ್ಮ ಮಾತು ನೇರ: ಬೆಳ್ಳಗೆ ಮಾಡಲು ಹೋಗಬೇಡಿ. ಮುಖ ಬೆಳ್ಳಗಾಗಿ ಕೈ ಕಂದಾಗಿಯೇ ಉಳಿದ ಮುಖಪುಟಗಳನ್ನು ನೋಡಿ ಸಾಕಾಗಿದೆ. ಸಿಎಂವೈಕೆಯಲ್ಲಿ ಹಳದಿ ಮಜೆಂಟಾದಷ್ಟೇ ಅಥವಾ ಸ್ವಲ್ಪ ಹೆಚ್ಚು ಇದ್ದರೆ ನಮ್ಮ ಮೈಬಣ್ಣ ಸಹಜವಾಗಿ ಬರುತ್ತದೆ. ಮಜೆಂಟಾ ಮೇಲಾದರೆ ಬಿಸಿಲಿಗೆ ಬೆಂದ ಹಾಗೆ. ಬಿಳಿ ಹಿನ್ನೆಲೆಯಲ್ಲಿ ಆಟೋ ಎಕ್ಸ್‌ಪೋಷರ್‌ನಲ್ಲಿ ತೆಗೆದ ಫೋಟೊಗಳಲ್ಲಿ ಮುಖ ಕಪ್ಪಾಗಿ ಬರುವುದು ಮೈಬಣ್ಣದ ತಪ್ಪಲ್ಲ, ಅಳತೆಯ ತಪ್ಪು. ಅದನ್ನು ಮುಖ, ಕತ್ತು, ಕೈ ಸೇರಿಸಿ ಒಟ್ಟಿಗೆ ಎತ್ತಿ.

ಬೆಳಕು ಮತ್ತು ಜಾಗ

ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದ ಹೊತ್ತಿಗೆ ನಡುಹಗಲ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆ ಹೊತ್ತಿನ ಫ್ರೇಮ್‌ಗಳಲ್ಲಿ ಕಣ್ಣಿನ ಗುಳಿ ಕಪ್ಪಾಗಿ, ಮೂಗಿನ ನೆರಳು ತುಟಿಗೆ ಬಿದ್ದಿರುತ್ತದೆ. ಕಣ್ಣಪಾಪೆಯಲ್ಲಿ ಬೆಳಕಿನ ಚುಕ್ಕೆ ಇದೆಯೇ ನೋಡಿ. ಇಲ್ಲದ ಫೋಟೊ ಮುಖಪುಟದಲ್ಲಿ ಸತ್ತಂತಿರುತ್ತದೆ. ಮಳೆಗಾಲದ ಮೋಡದ ಬೆಳಕು ಬಟ್ಟೆಗೆ ಬಲು ಒಳ್ಳೆಯದು, ನೇಯ್ಗೆಯೂ ಮಡಿಕೆಯೂ ಎರಡೂ ಉಳಿಯುತ್ತವೆ.

ಕಬ್ಬನ್ ಪಾರ್ಕಿನ ದೊಡ್ಡ ಮರಗಳ ನೆರಳಿನಲ್ಲಿ ತೆಗೆದದ್ದಾದರೆ ಹುಲ್ಲು, ಎಲೆಗಳ ಹಸಿರು ಗಲ್ಲದ ಕೆಳಗೆ ಮೆತ್ತಿಕೊಂಡಿರುತ್ತದೆ. ವೈಟ್ ಬ್ಯಾಲೆನ್ಸ್ ತಿದ್ದಿದರೆ ಬಟ್ಟೆಯ ಬಣ್ಣ ಹೋಗುತ್ತದೆ, ಹಾಗಾಗಿ ಮುಖವನ್ನಷ್ಟೇ ಮಾಸ್ಕ್ ಮಾಡಿ ಹಸಿರು ಇಳಿಸಬೇಕು. ಬೇಸಿಗೆಗೆ ಮುಂಚೆ ಅರಳುವ ಗುಲಾಬಿ ಟಬೆಬುಯಾ ಮರಗಳ ಕೆಳಗೆ ಎಲ್ಲರೂ ಶೂಟ್ ಮಾಡುತ್ತಾರೆ. ಕೆಂಪು ಸೆರಗು ಆ ಗುಲಾಬಿಯ ಮುಂದೆ ಮಂಕಾಗುತ್ತದೆ, ನೀಲಿಯಾದರೆ ಎದ್ದು ನಿಲ್ಲುತ್ತದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡೂ ತೋಟಗಾರಿಕೆ ಇಲಾಖೆಯ ಕೈಯಲ್ಲಿವೆ. ಲೈಟು, ರಿಫ್ಲೆಕ್ಟರ್ ಹಿಡಿದು ಹೋಗುವ ಮೊದಲು ಕಾಲೇಜಿನ ಪತ್ರದೊಂದಿಗೆ ಅನುಮತಿ ಕೇಳಿ. ಮೆಟ್ರೊ ನಿಲ್ದಾಣಗಳಿಗೂ ಅಷ್ಟೇ.

ಹಕ್ಕಿನ ಮಾತು ಚಿಕ್ಕದಾಗಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ದುಡ್ಡು ಪಡೆಯದೆ ಸ್ನೇಹಕ್ಕೆ ತೆಗೆದುಕೊಟ್ಟ ಫೋಟೊದ ಹಕ್ಕು ತೆಗೆದವರದ್ದೇ. ಮುದ್ರಣಕ್ಕೂ ಜಾಲತಾಣಕ್ಕೂ ಬಳಸಲು ಒಪ್ಪಿಗೆ ಎಂದು ಬರೆಸಿಕೊಳ್ಳಿ. ಮಾಡೆಲ್ ಆದವರ ಸಹಿಯೂ ಬೇಕು. ಪಿಯುಸಿ ಹುಡುಗ ಹುಡುಗಿಯರಲ್ಲಿ 18 ತುಂಬದವರೇ ಹೆಚ್ಚು, ಅವರಿಗೆ ಪೋಷಕರ ಸಹಿ. ಸಹಿ ಸಿಗದ ಫೋಟೊವನ್ನು ಹೋಲಿಕೆಯ ಮೇಜಿಗೇ ತರಬೇಡಿ, ಅದೇ ಎಲ್ಲರಿಗೂ ಇಷ್ಟವಾಗಿಬಿಡುತ್ತದೆ. ಬಿಟ್ಟಿ ಸ್ಟಾಕ್ ಫೋಟೊ ಚೆಂದವೇ ಇರಬಹುದು, ಆದರೆ ಅದರಲ್ಲಿರುವ ಬಟ್ಟೆ ನಿಮ್ಮವರು ಹೊಲಿದದ್ದಲ್ಲ.

ಕೊನೆಯ ಮೂರನ್ನು ಗೋಡೆಗೆ ಅಂಟಿಸಿ

ಹೆಸರು, ಸಂಚಿಕೆಯ ತಿಂಗಳು, ಎರಡು ಮೂರು ಸಾಲು ಶೀರ್ಷಿಕೆ ಎಲ್ಲ ಕೂರಿಸಿ ಮೂರನ್ನೂ ಎ4 ಕಲರ್ ಪ್ರಿಂಟ್ ತೆಗೆಸಿ, ನಿಜ ಅಳತೆಯಲ್ಲೇ. ಗೋಡೆಗೆ ಅಂಟಿಸಿ ಏಳೆಂಟು ಅಡಿ ಹಿಂದೆ ನಿಂತು ನೋಡಿ. ಆಮೇಲೆ ಅದೇ ಮೂರನ್ನು ಹೆಬ್ಬೆರಳಿನ ಉಗುರಷ್ಟು ಮಾಡಿ ಫೋನಿನಲ್ಲಿ ನೋಡಿ, ಬಹಳ ಮಂದಿ ಮೊದಲು ನೋಡುವುದು ಹಾಗೇ. ಮಾಡೆಲ್ ಯಾರೆಂದು ತಿಳಿಯದ ಮೂವರನ್ನು ಬೇರೆ ವಿಭಾಗದಿಂದ ಕರೆದು ‘ಯಾವುದು ಚೆಂದ’ ಎಂದು ಕೇಳದೆ ‘ಈ ಸಂಚಿಕೆ ಯಾವುದರ ಬಗ್ಗೆ’ ಎಂದು ಕೇಳಿ. ಮೊದಲ ಫೋಟೊಗೆ ಮೇಕಪ್ ಅನ್ನುವರು, ಮೂರನೆಯದಕ್ಕೆ ಬೆಂಗಳೂರು ಅನ್ನುವರು. ಎರಡನೆಯದಕ್ಕೆ ಸೀರೆಯಲ್ಲಿ ಹೊಲಿದ ಜಾಕೆಟ್ಟು ಎಂದರೆ ಕೆಲಸ ಆಯಿತು. ಅದರಲ್ಲಿ ಹುಡುಗಿಯ ನೋಟ ಕ್ಲೋಸಪ್ಪಿನಷ್ಟು ಚುರುಕಾಗಿಲ್ಲ, ಒಪ್ಪಬೇಕಾದ ಮಾತೇ. ಆದರೂ ಅದನ್ನೇ ಹಾಕಿ. ಚರ್ಚ್ ಸ್ಟ್ರೀಟಿನದು ಅಡ್ಡ ಫೋಟೊ, ಒಳಗಿನ ಜೋಡಿಪುಟಕ್ಕೆ ಅಳತೆ ಮಾಡಿಸಿದಂತೆ ಕೂರುತ್ತದೆ. ನಡುವಿನ ಮಡಿಕೆಗೆ ಮುಖ ಬೀಳದಂತೆ ನೋಡಿಕೊಂಡರೆ ಸಾಕು. ಕ್ಲೋಸಪ್ ಪರಿವಿಡಿಯ ಪುಟಕ್ಕೆ.

ಸುಲ್ತಾನ್‌ಪೇಟೆಯಲ್ಲೋ ಬೇರೆಲ್ಲೋ ಪ್ರೆಸ್ಸಿಗೆ ಫೈಲ್ ಕೊಡುವ ಮುನ್ನ ಕಾಗದ ಮತ್ತು ಲ್ಯಾಮಿನೇಷನ್ ಗೊತ್ತು ಮಾಡಿಕೊಳ್ಳಿ. ಮುಖಪುಟಕ್ಕೆ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಆರ್ಟ್ ಕಾರ್ಡ್ ವಾಡಿಕೆ. ಮ್ಯಾಟ್ ಲ್ಯಾಮಿನೇಷನ್ ಕಪ್ಪನ್ನು ಮಂಕು ಮಾಡಿ ಒಟ್ಟು ಚಿತ್ರವನ್ನು ತುಸು ಸಪ್ಪೆ ಮಾಡುತ್ತದೆ, ಆದ್ದರಿಂದ ನೀಲಿ ಒಡಲಿನ ನೆರಳಿನ ಭಾಗವನ್ನು ಮೊದಲೇ ಸ್ವಲ್ಪ ತೆರೆಯಿರಿ. ಗ್ಲಾಸಿ ಲ್ಯಾಮಿನೇಷನ್ ಆದರೆ ಬಣ್ಣ ಉಕ್ಕುತ್ತದೆ, ಬೆರಳಚ್ಚೂ ಕಾಣುತ್ತದೆ. ಕಟಿಂಗ್‌ನಲ್ಲಿ ಒಂದೆರಡು ಮಿಮೀ ಆಚೀಚೆ ಆಗುವುದು ಮಾಮೂಲು; ಅಕ್ಷರ, ಬೆರಳು, ತೋಪು ತೆನೆಯ ಪಟ್ಟಿ ಎಲ್ಲವೂ ಅಂಚಿನಿಂದ ಕನಿಷ್ಠ 10 ಮಿಮೀ ಒಳಕ್ಕೆ ಇರಲಿ. ಪ್ರತಿ ಕಡಿಮೆಯಿದ್ದು ಡಿಜಿಟಲ್‌ನಲ್ಲಿ ತೆಗೆಸುವುದಾದರೆ 13×19 ಇಂಚಿನ ಹಾಳೆಯಲ್ಲಿ ಅದೇ ಮೆಷಿನ್ನು, ಅದೇ ಕಾರ್ಡಿನ ಮೇಲೆ ಒಂದು ಪ್ರತಿ ತೆಗೆಸಿ, ಲ್ಯಾಮಿನೇಷನ್ ಹಾಕಿಸಿ, ಜಾಕೆಟ್ಟಿನ ಪಕ್ಕ ಹಿಡಿದು ನೋಡಿ. ಆಫ್‌ಸೆಟ್ ಆದರೆ ಪ್ಲೇಟ್ ಮಾಡುವ ಮೊದಲು ಕಲರ್ ಪ್ರೂಫ್ ಕೇಳಿ, ಅದರ ಮೇಲೆ ಸಹಿ ಹಾಕಿ ಒಂದನ್ನು ಪ್ರೆಸ್ಸಿನಲ್ಲಿ ಬಿಟ್ಟು ಇನ್ನೊಂದನ್ನು ನೀವು ಇಟ್ಟುಕೊಳ್ಳಿ.